ಕುಂಬಳಬೀಜ ಎಸೆಯಬೇಡಿ, ಹುರಿಯುವಾಗ ಹೊತ್ತಿಸಲೂ ಬೇಡಿ

ಕಲಬುರಗಿ ಮಾರ್ಕೆಟ್‌ನಲ್ಲಿ ಕುಂಬಳಕಾಯಿ ಹೋಳು ತಂದು ಬೀಜವನ್ನು ಕಸದ ಬುಟ್ಟಿಗೆ ಹಾಕುತ್ತೇವೆ, ಆಮೇಲೆ ಅದೇ ಬೀಜದ ಪ್ಯಾಕೆಟ್‌ಗೆ ದುಡ್ಡು ಸುರಿಯುತ್ತೇವೆ. ಒಂದು ಹಿಡಿ, ಅಂದರೆ ಸಿಪ್ಪೆ ಬಿಡಿಸಿದ ಬೀಜದ 30 ಗ್ರಾಂ ತಿರುಳಿನಲ್ಲಿ 8 ಗ್ರಾಂ ಹತ್ತಿರ ಪ್ರೋಟೀನ್ ಇದೆ. ದಿನಕ್ಕೆ ಬೇಕಾದ ಮೆಗ್ನೀಷಿಯಂನಲ್ಲಿ ಮೂರನೇ ಒಂದು ಪಾಲು ಸಿಗುತ್ತದೆ, ಜೊತೆಗೆ ಸತು, ಕಬ್ಬಿಣ.

ಚೆನ್ನಾಗಿ ಬಲಿತ ಸಿಹಿಕುಂಬಳವನ್ನೇ ತನ್ನಿ. ಕಾಯಿ ಬಾಯಿಗೆ ಕಹಿ ಬಂದರೆ ಬೀಜ ಸಮೇತ ಎಸೆಯಿರಿ, ಆ ಕಹಿ ಹೊಟ್ಟೆ ಕೆಡಿಸುತ್ತದೆ.

ಬೀಜವನ್ನು ಅಗಲ ಪಾತ್ರೆಯ ನೀರಿನಲ್ಲಿ ಹಾಕಿ ತಿಕ್ಕಿ, ತೇಲುವ ಬೀಜ ಬಾಚಿಕೊಳ್ಳಿ. ಅಷ್ಟೇ.

ಕೆಡುವುದು ಒಣಗಿಸುವಾಗ. ಪೇಪರ್ ಮೇಲೆ ಹರಡಬೇಡಿ, ಅಂಟಿಕೊಂಡು ಬೀಜದ ಜೊತೆ ಪೇಪರೂ ಬರುತ್ತದೆ. ಸ್ಟೀಲ್ ತಟ್ಟೆ ಅಥವಾ ಮೊರದಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ನೆರಳಲ್ಲೇ ಇಡಿ, ಆಗಾಗ ಕೈಯಾಡಿಸಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದಲ್ವಾ, ಬೇಗ ಆಗಲಿ ಅಂತ ಮಾಳಿಗೆ ಮೇಲಿಟ್ಟರೆ ಸಿಪ್ಪೆ ಮಾತ್ರ ಗರಿಗರಿ, ಒಳಗೆ ಹಸಿ ಉಳಿದು ಡಬ್ಬಿಯಲ್ಲಿ ಬೂಸ್ಟು ಬರುತ್ತದೆ. ಒಂದು ಬೀಜ ಬಾಗಿಸಿ ನೋಡಿ. ಟಕ್ ಅಂತ ಮುರಿದರೆ ಒಣಗಿದೆ, ಬಾಗಿದರೆ ಇನ್ನೂ ಬಿಡಿ.

ಇನ್ನು ಹುರಿಯುವುದು. ಎಣ್ಣೆ ಬೇಡವೇ ಬೇಡ. ದಪ್ಪ ತಳದ ಕಡಾಯಿ, ಸಣ್ಣ ಉರಿ, ಕೈ ನಿಲ್ಲಿಸಬಾರದು. ಚಟಪಟ ಶುರುವಾಗಿ ಬೀಜ ಉಬ್ಬಿದ ಕೂಡಲೇ ತಟ್ಟೆಗೆ ಸುರಿಯಿರಿ. ಬಣ್ಣ ಬರಲಿ ಅಂತ ಕಾಯುವವರೇ ಜಾಸ್ತಿ, ಆದರೆ ಗ್ಯಾಸ್ ಆರಿಸಿದ ಮೇಲೂ ಕಡಾಯಿಯ ಕಾವಿಗೆ ಅದು ಹುರಿಯುತ್ತಲೇ ಇರುತ್ತದೆ, ಕಂದು ಬಣ್ಣ ಕಂಡಿತು ಅಂದರೆ ಕಹಿಯಾಯಿತು ಅಂತಲೇ ಲೆಕ್ಕ. ಆರಿದ ಮೇಲೆ ಲಟ್ಟಣಿಗೆ ಮೆಲ್ಲಗೆ ಉರುಳಿಸಿ ಸಿಪ್ಪೆ ಬಿಡಿಸಿ. ಬೇಜಾರಾದರೆ ಸಿಪ್ಪೆ ಸಮೇತವೂ ಅಗಿಯಬಹುದು, ಹಲ್ಲು ಗಟ್ಟಿ ಇದ್ದರೆ.

ಪ್ಯಾಕೆಟ್ ತರುವವರು ಮಸಾಲೆ ಹಾಕಿದ್ದು ತರಬೇಡಿ, ಅದರಲ್ಲಿ ಉಪ್ಪೇ ಹೆಚ್ಚು. ಕಮಟು ವಾಸನೆ ಇದ್ದರೆ ಅಂಗಡಿಗೇ ವಾಪಸ್ ಕೊಡಿ.

ನನ್ನ ಕೇಳಿದರೆ ಸುಮ್ನೆ ತಿನ್ನುವುದಕ್ಕಿಂತ ಹಿಂಡಿ, ಅಂದರೆ ಚಟ್ನಿಪುಡಿ ಮೇಲು. ಶೇಂಗಾ ಹಿಂಡಿಗೆ ಹಾಕುವಂತೆಯೇ ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಉಪ್ಪು. ತರಿತರಿಯಾಗಿ ಕುಟ್ಟಿ. ಮಿಕ್ಸಿಯಲ್ಲಿ ಒಂದೇ ಸಮ ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಜೋಳದ ರೊಟ್ಟಿ, ಮೊಸರು ಇದ್ದರೆ ಸಾಕು. ಮೇಲೆ ನಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಔಷಧಿ ಅಂತ ನೆಚ್ಚಿಕೊಂಡವರಿಗೆ ಎರಡು ಮಾತು. ಲಾಡಿಹುಳಕ್ಕೆ ಈ ಬೀಜ ಹಳೆಯ ಮದ್ದು, ನಿಜ. ಹಾಗಂತ ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳ ದಿನಕ್ಕೆ ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ರಾತ್ರಿ ಮೂತ್ರಕ್ಕೆ ಪದೇಪದೇ ಏಳುವ ಹಿರಿಯರಿಗೆ ಸ್ವಲ್ಪ ಆರಾಮ ಸಿಗಬಹುದು, ಜರ್ಮನಿಯಲ್ಲಿ ಇದಕ್ಕೆ ಒಪ್ಪಿಗೆಯೂ ಇದೆ, ಆದರೆ ಗ್ರಂಥಿಯೇನೂ ಚಿಕ್ಕದಾಗುವುದಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಕಿಡ್ನಿ ತೊಂದರೆ ಇದ್ದವರೂ ಕೇಳಿಯೇ ತಿನ್ನಿ. ಸಣ್ಣ ಮಕ್ಕಳಿಗೆ ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕೀತು, ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಕಲಸಿ.