ಚಳಿಗಾಲದಲ್ಲಿ ಮನೆ ನವೀಕರಣ ಮುಗಿಸುವುದು ಹೇಗೆ? ಒಣಗುವ ಲೆಕ್ಕದಿಂದ ಶುರುಮಾಡಿ

ಕೊಟ್ಟಿಗೆ, ಕೋಳಿಗೂಡು, ಒಂದಿಷ್ಟು ಬೆಳೆ ಇರುವ ಸಣ್ಣ ಹಿಡುವಳಿಯಲ್ಲಿ ವಾಸವಿದ್ದುಕೊಂಡೇ ಮನೆ ನವೀಕರಿಸುವವರಿಗೆ ಕೊಯ್ಲು ಮುಗಿಯುವ ತನಕ ಕೈ ಬಿಡುವಾಗುವುದಿಲ್ಲ. ಹೀಗಾಗಿ ಗಿಲಾವು, ಬಣ್ಣ, ಬಾಗಿಲು ಕೂರಿಸುವಂತಹ ಕೊನೆಯ ಕೆಲಸಗಳೆಲ್ಲ ಚಳಿಗಾಲಕ್ಕೇ ಬಂದು ನಿಲ್ಲುತ್ತವೆ. ಇವು ನೋಡಲು ಚಿಕ್ಕವು, ಆದರೆ ಹೆಚ್ಚಿನವು ಒಣಗಲೇಬೇಕಾದ ಕೆಲಸಗಳು. ಚಳಿಯಲ್ಲಿ ಯಾವುದೂ ಬೇಗ ಒಣಗುವುದಿಲ್ಲ. ಆದ್ದರಿಂದ ಕೆಲಸ ಎಷ್ಟು ದಿನದ್ದು ಎಂದು ಎಣಿಸುವುದಕ್ಕೆ ಮೊದಲು ಅದು ಎಷ್ಟು ದಿನ ಒಣಗಬೇಕು ಎಂದು ಎಣಿಸಿಕೊಳ್ಳಬೇಕು.

ಮೊದಲು ಹಸಿ ಕೆಲಸ ಮತ್ತು ಒಣ ಕೆಲಸಗಳನ್ನು ಬೇರ್ಪಡಿಸಿ

ಉಳಿದಿರುವ ಕೆಲಸಗಳನ್ನೆಲ್ಲ ಎರಡು ಪಟ್ಟಿಯಲ್ಲಿ ಬರೆದುಕೊಳ್ಳಿ. ಗಿಲಾವು, ನೆಲದ ಕಾಂಕ್ರೀಟು, ಪುಟ್ಟಿ, ಬಣ್ಣ ಇವು ಹಸಿ ಕೆಲಸಗಳು. ವೈರಿಂಗ್, ಕಪಾಟು, ಬಾಗಿಲಿನ ಚಿಲಕ, ಚಾವಣಿಯ ಹಲಗೆ ಇವು ಒಣ ಕೆಲಸಗಳು. ಚಳಿ ಬಿಗಿಯಾಗುವುದಕ್ಕೆ ಮುಂಚೆಯೇ ಹಸಿ ಕೆಲಸಗಳನ್ನು ಆದಷ್ಟು ಮುಗಿಸಿ, ಅವು ಒಣಗುವ ವಾರಗಳಿಗೆ ಒಣ ಕೆಲಸಗಳನ್ನು ಹೊಂದಿಸಿಟ್ಟರೆ ದಿನಗಳು ವ್ಯರ್ಥವಾಗುವುದಿಲ್ಲ. ಇಡೀ ಮನೆಯನ್ನು ಒಟ್ಟಿಗೆ ಎಬ್ಬಿಸುವುದಕ್ಕಿಂತ ಒಂದು ಕೋಣೆಯನ್ನು ಪೂರ್ತಿ ಮುಗಿಸಿ, ದೂಳು ನುಗ್ಗದಂತೆ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಮನೆಯವರೆಲ್ಲ ಅಲ್ಲಿ ಮಲಗುವ ವ್ಯವಸ್ಥೆ ಮಾಡಿಕೊಳ್ಳುವುದೇ ಸರಿ ಎಂಬುದು ನನ್ನ ಅನುಭವ. ದಿನವಿಡೀ ದೂಳಿನಲ್ಲಿ ದುಡಿದವರಿಗೆ ರಾತ್ರಿಯಾದರೂ ಬೆಚ್ಚಗಿನ, ಚೊಕ್ಕವಾದ ಜಾಗವೊಂದು ಬೇಕೇ ಬೇಕು.

ಗಿಲಾವಿಗೆ ರಾತ್ರಿಯ ಚಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಸಿಮೆಂಟ್ ಗಟ್ಟಿಯಾಗುವುದು ನೀರು ಆರಿಹೋಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಚಳಿ ಹೆಚ್ಚಿದಂತೆ ಈ ಕ್ರಿಯೆ ಮಂದವಾಗುತ್ತದೆ. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ, ಅಥವಾ ಆ ರಾತ್ರಿ ಅಷ್ಟಕ್ಕೆ ಇಳಿಯುವ ಲಕ್ಷಣವಿದ್ದು ಗೋಡೆಯನ್ನು ಬೆಚ್ಚಗಿಡುವ ಏರ್ಪಾಡು ಇಲ್ಲದಿದ್ದರೆ, ಗಾರೆ ಕಲಸದಿರುವುದೇ ಲೇಸು. ಹಸಿ ಗಾರೆಯೊಳಗಿನ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗಿ, ಆಗಷ್ಟೇ ಕೂಡಿಕೊಳ್ಳುತ್ತಿದ್ದ ಮರಳು ಮತ್ತು ಸಿಮೆಂಟನ್ನು ಬಿಡಿಸಿಹಾಕುತ್ತದೆ. ಮೇಲ್ನೋಟಕ್ಕೆ ಅಂಥ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಉಗುರಿನಿಂದ ಕೆರೆದರೆ ಮಾತ್ರ ಮರಳು ಉದುರಿ ಅಂಗೈಗೆ ಬೀಳುತ್ತದೆ. ಅಂಥ ಗಿಲಾವನ್ನು ಕೆತ್ತಿ ತೆಗೆಯದೆ ಬೇರೆ ದಾರಿಯಿಲ್ಲ.

ಆದುದರಿಂದ ಬಿಸಿಲು ಏರಿದ ಮೇಲೆ ಕೆಲಸ ಶುರುಮಾಡಿ, ಮಧ್ಯಾಹ್ನದ ಹೊತ್ತಿಗೆ ಕರಣೆ ಕೆಳಗಿಡಬೇಕು; ಆಗ ಸಂಜೆಯ ಚಳಿ ಇಳಿಯುವುದರೊಳಗೆ ಗಾರೆ ಕಚ್ಚಿಕೊಳ್ಳಲು ಸಮಯ ಸಿಗುತ್ತದೆ. ಮರಳಿನ ರಾಶಿಗೆ ಹಿಂದಿನ ರಾತ್ರಿಯೇ ಟಾರ್ಪಾಲು ಹೊದಿಸಿಡಿ, ಮಂಜುಗಡ್ಡೆಯ ಉಂಡೆಗಳಿರುವ ಮರಳನ್ನು ಬಳಸಬೇಡಿ. ಕಲಸುವುದಕ್ಕೆ ಉಗುರು ಬೆಚ್ಚಗಿನ ನೀರು ಒಳ್ಳೆಯದು, ಕುದಿಯುವ ನೀರು ಬೇಡ. ಸಿಮೆಂಟ್ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಿಡಿ. ಬೆರಳಲ್ಲಿ ಹಿಸುಕಿದರೂ ಪುಡಿಯಾಗದ ಗಂಟುಗಳಿದ್ದರೆ ಆ ಚೀಲವನ್ನು ಗಿಲಾವಿಗೆ ಬಳಸಬಾರದು. ಹೊಸ ಗಿಲಾವು ಕನಿಷ್ಠ 7 ದಿನ ತೇವವಾಗಿರಬೇಕು, ಚಳಿಯಲ್ಲಿ ಇನ್ನೂ ಕೆಲವು ದಿನ ಹೆಚ್ಚು. ಆದರೆ ನೀರು ಹೆಪ್ಪುಗಟ್ಟುವಂಥ ರಾತ್ರಿಗಳಲ್ಲಿ ಗೋಡೆಗೆ ನೀರು ಎರಚದೆ, ಪ್ಲಾಸ್ಟಿಕ್ ಹೊದಿಸಿ ಇರುವ ತೇವವನ್ನೇ ಹಿಡಿದಿಡಿ.

ಒಣಗಿಸುವಾಗ ಬೆಂಕಿಯನ್ನು ನಂಬಬೇಡಿ

ನೀರುಣಿಸುವ ದಿನಗಳು ಮುಗಿದ ಮೇಲೆ ಗೋಡೆ ನಿಧಾನವಾಗಿ ಒಣಗಬೇಕು. ಈ ಹಂತದಲ್ಲಿ ಅನೇಕರು ಕಿಟಕಿ ಮುಚ್ಚಿ, ಕೋಣೆಯ ಮಧ್ಯೆ ಗ್ಯಾಸ್ ಅಥವಾ ಸೀಮೆಎಣ್ಣೆಯ ಹೀಟರ್ ಉರಿಸುತ್ತಾರೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಅದೇ ಕೋಣೆಗೆ ಸೇರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಮಾರನೆಯ ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ಹನಿಗಟ್ಟಿ ಇಳಿಯುವುದು ಅದೇ ನೀರು. ಇನ್ನು ಇದ್ದಿಲಿನ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳದೇ ಹೋಗಬಹುದು. ಹೊಗೆ ಕೊಳವೆಯ ಮೂಲಕ ಹೊರಹೋಗುವ ಒಲೆ ಅಥವಾ ವಿದ್ಯುತ್ ಹೀಟರ್ ಮಿತವಾಗಿ ಉರಿಯಲಿ, ಹಗಲಿನಲ್ಲಿ ಎರಡು ಮೂರು ಬಾರಿ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದಿಡಿ.

ಬಣ್ಣ ಬಳಿಯಲು ಅವಸರ ಬೇಡ

ಹೊಸ ಸಿಮೆಂಟ್ ಗಿಲಾವಿಗೆ ಬಣ್ಣ ಹಚ್ಚಲು ಸಾಮಾನ್ಯವಾಗಿ 4 ವಾರ ಕಾಯಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕಾದೀತು. ಗಿಲಾವು ಮುಗಿದ ತಾರೀಖನ್ನು ಆಯಾ ಗೋಡೆಯ ಮೂಲೆಯಲ್ಲೇ ಪೆನ್ಸಿಲಿನಿಂದ ಬರೆದಿಟ್ಟರೆ ನೆನಪಿನ ಗೊಂದಲವಿರುವುದಿಲ್ಲ. ಒಣಗಿದೆಯೇ ಎಂಬ ಅನುಮಾನ ಬಂದರೆ, ಮೊಳದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೂ, ಅದರಡಿಯ ಗೋಡೆ ಕಪ್ಪಾಗಿದ್ದರೂ ಕಾಯಬೇಕು. ನೀರಿನಲ್ಲಿ ಕರಗುವ ಬಣ್ಣಗಳಲ್ಲಿ ಹೆಚ್ಚಿನವಕ್ಕೆ 10 ಡಿಗ್ರಿಯಾದರೂ ಬೇಕು. ಡಬ್ಬದ ಮೇಲಿನ ಸೂಚನೆಯನ್ನು ಓದಿಯೇ ಮುಂದುವರಿಯಿರಿ. ಡಬ್ಬವನ್ನೂ ರಾತ್ರಿ ಶೆಡ್ಡಿನಲ್ಲಿಡದೆ ಮನೆಯೊಳಗೆ ತನ್ನಿ, ಒಮ್ಮೆ ಹೆಪ್ಪುಗಟ್ಟಿದ ಬಣ್ಣ ಮೊಸರಿನಂತೆ ಒಡೆದುಹೋಗುತ್ತದೆ.

ಮರದ ವಿಷಯ ಇಷ್ಟೇ: ಹಲಗೆ, ಬಾಗಿಲುಗಳನ್ನು ಕೂರಿಸುವುದಕ್ಕೆ ಮುಂಚೆ ಒಂದೆರಡು ವಾರ ಅದೇ ಕೋಣೆಯಲ್ಲಿ, ನಡುವೆ ಗಾಳಿಯಾಡುವಂತೆ ಪಟ್ಟಿ ಕೊಟ್ಟು ಪೇರಿಸಿಡಿ. ಗಿಲಾವು ಹಸಿಯಿರುವ ಕೋಣೆಗೆ ಮಾತ್ರ ತರಬೇಡಿ, ಅಲ್ಲಿ ತೇವ ಕುಡಿದು ಉಬ್ಬಿದ ಮರ ಮುಂದೆ ಒಣಗುವಾಗ ಸಂದು ಬಿಡುತ್ತದೆ.

ಪ್ರಾಣಿಗಳಿರುವ ಅಂಗಳವೆಂಬುದನ್ನು ಮರೆಯಬೇಡಿ

ಹಿಡುವಳಿಯ ಮನೆಗೂ ಬೇರೆ ಮನೆಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಹಸು ಮೇವನ್ನು ತುಟಿಯಲ್ಲಿ ಆರಿಸಿ ತಿನ್ನುವುದಿಲ್ಲ, ನಾಲಿಗೆಯಿಂದ ಸುತ್ತಿ ಒಮ್ಮೆಗೇ ನುಂಗುತ್ತದೆ. ಮೇವಿನಲ್ಲಿ ಬೆರೆತ ಮೊಳೆ ಅಥವಾ ತಂತಿಯ ಚೂರು ಹೊಟ್ಟೆ ಸೇರಿ, ಅದರ ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದು. ಪ್ರತಿ ಸಂಜೆ ದಾರಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ಕೆಲಸದ ಜಾಗದಲ್ಲಿ ಎಳೆದಾಡಿ. ನೋಡನೋಡುತ್ತಲೇ ಅದರ ಸುತ್ತ ಮೊಳೆಗಳು ಮುಳ್ಳಿನಂತೆ ನಿಲ್ಲುತ್ತವೆ. ಥರ್ಮೋಕೋಲ್ ಚೂರುಗಳನ್ನು ಕೋಳಿಗಳು ಕುಕ್ಕಿ ತಿನ್ನುತ್ತವೆ, ಆದ್ದರಿಂದ ಅದನ್ನು ಅಂಗಳದಲ್ಲಿ ಕತ್ತರಿಸಬೇಡಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಅದನ್ನು ಒಣಗಿದಂತೆಯೇ ಉಜ್ಜದೆ, ಒದ್ದೆ ಮಾಡಿ ಕೆರೆದು, ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿಡಿ. ಸಿಮೆಂಟ್ ತೊಳೆದ ನೀರು ತೀವ್ರ ಕ್ಷಾರ, ಅದು ಬಾವಿಗಾಗಲಿ ಕೊಳಕ್ಕಾಗಲಿ ದನ ಕುಡಿಯುವ ತೊಟ್ಟಿಗಾಗಲಿ ಹರಿಯಕೂಡದು.

ಗೋಡೆ ಒಡೆದು ತೆರೆದಿಟ್ಟ ಜಾಗದಲ್ಲಿ ನೀರಿನ ಕೊಳವೆಗಳಿದ್ದರೆ ಸಂಜೆ ಅವಕ್ಕೆ ಗೋಣಿ ಸುತ್ತಿ, ಯಾರೂ ಬಳಸದ ಕವಲನ್ನು ಮುಚ್ಚಿ ನೀರು ಖಾಲಿ ಮಾಡಿ. ದನಗಳ ತೊಟ್ಟಿಗೆ ಹೋಗುವ ಕೊಳವೆಯನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ, ಏಕೆಂದರೆ ಬೆಳಗಿನ ಜಾವ ಮೊದಲು ನೀರು ಬೇಕಾಗುವುದು ಅವಕ್ಕೇ. ಹೊರಗೋಡೆಯ ಗಿಲಾವು, ಬಣ್ಣ ಉಳಿದಿದ್ದರೆ ಬಿಸಿಲು ಬಲಿಯುವ ತನಕ ಮುಟ್ಟಬೇಡಿ. ಮಳೆ, ಇಬ್ಬನಿ ತಾಗದಂತೆ ಮೇಲಿನಿಂದ ಟಾರ್ಪಾಲು ಇಳಿಬಿಟ್ಟು, ಗೋಡೆಗೂ ಟಾರ್ಪಾಲಿಗೂ ನಡುವೆ ಗಾಳಿಯಾಡುವಷ್ಟು ಸಂದು ಉಳಿಸಿದರೆ ಸಾಕು.