ಅಲ್ಪಾಯು ವಿದಳನ ಉತ್ಪನ್ನಗಳ ಗಾಮಾ ಅಳತೆ: ದಾವಣಗೆರೆಯ ಮಳೆಯಲ್ಲೇ ಅಭ್ಯಾಸ

ಯುರೇನಿಯಂ ವಿದಳನದಿಂದ (ಪರಮಾಣು ಬೀಜ ಒಡೆಯುವುದರಿಂದ) ಬರುವ ಸೀಸಿಯಂ-138ರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 33 ನಿಮಿಷ. ಇಂಥವು ಹೊರಸೂಸುವ ಗಾಮಾ ಕಿರಣಗಳನ್ನು ಅಳೆಯುವಾಗ ಡಿಟೆಕ್ಟರ್ ಎಷ್ಟು ಮುಖ್ಯವೋ ಗಡಿಯಾರವೂ ಅಷ್ಟೇ ಮುಖ್ಯ. ವಿದಳನ ಉತ್ಪನ್ನಗಳ ಮಾದರಿಗಳನ್ನು ಪರವಾನಗಿ ಪಡೆದ ಪ್ರಯೋಗಾಲಯಗಳಲ್ಲಿ ಮಾತ್ರ ಮುಟ್ಟಬೇಕು. ಆದರೆ ಅಳತೆಯ ಕ್ರಮವನ್ನು ದಾವಣಗೆರೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಮುಂಗಾರು ಮಳೆಯಲ್ಲೇ ಕಲಿಯಬಹುದು, ಏಕೆಂದರೆ ಗಾಳಿಯ ರೇಡಾನ್‌ನಿಂದ ಹುಟ್ಟುವ ಸೀಸ-214 (27 ನಿಮಿಷ) ಮತ್ತು ಬಿಸ್ಮತ್-214 (20 ನಿಮಿಷ) ಹನಿಗಳೊಡನೆ ನೆಲಕ್ಕಿಳಿಯುತ್ತವೆ.

ಮಳೆಗೆ ಮೊದಲೇ ಸೀಸದ ಕವಚದೊಳಗೆ ಖಾಲಿ ಡಿಟೆಕ್ಟರ್‌ನಿಂದ ಹಿನ್ನೆಲೆ ವಿಕಿರಣವನ್ನು ದೀರ್ಘಕಾಲ ಎಣಿಸಿಡಿ. ಇದನ್ನು ಬಿಡುವಂತಿಲ್ಲ. ಚಿತ್ರದುರ್ಗದ ಕಡೆ ಕಾಣುವಂಥ ಗ್ರಾನೈಟ್ ಕಲ್ಲಿನ ಗೋಡೆಯಿದ್ದರೆ ಪೊಟ್ಯಾಸಿಯಂ-40ರ 1461 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಿಖರ (ಆ ಶಕ್ತಿಯಲ್ಲಿ ಎಣಿಕೆ ಏರಿ ಕಾಣುವ ಉಬ್ಬು) ಅಷ್ಟೇ ಅಲ್ಲ, ನೀವು ಹುಡುಕುವ ಬಿಸ್ಮತ್-214ರ 609ರ ಶಿಖರವೂ ಆ ಗೋಡೆಯಿಂದಲೇ ಬರುತ್ತಿರುತ್ತದೆ.

ಮಳೆ ಸುರಿಯುತ್ತಿರುವಾಗ ಕಾರಿನ ಮೇಲ್ಛಾವಣಿಯನ್ನು ಟಿಶ್ಯೂ ಕಾಗದದಿಂದ ಒರೆಸಿ, ಒರೆಸಿ ಮುಗಿದ ಕ್ಷಣವನ್ನು ಸೆಕೆಂಡಿನವರೆಗೆ ಬರೆದುಕೊಂಡು, ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಡಿಟೆಕ್ಟರ್‌ಗೆ ತಾಗಿಸಿಡಿ. ನಂತರ 5 ನಿಮಿಷಗಳ ಎಣಿಕೆಗಳನ್ನು ಎರಡು ಗಂಟೆ ಸತತವಾಗಿ ಉಳಿಸುತ್ತ ಹೋಗಿ. ಸೋಡಿಯಂ ಅಯೋಡೈಡ್ ಹರಳಿನಲ್ಲಿ ಸೀಸ-214ರ 242 ಮತ್ತು ಥೋರಿಯಂ ಸರಣಿಯ ಸೀಸ-212ರ 239 ಒಂದೇ ಉಬ್ಬಾಗಿ ಬೆರೆಯುವುದರಿಂದ 352 ಮತ್ತು 609ರ ಶಿಖರಗಳನ್ನೇ ನಂಬುವುದು ಒಳ್ಳೆಯದು. ದ್ರವ ನೈಟ್ರೋಜನ್‌ನಲ್ಲಿ ತಂಪಾಗಿಸಿದ ಜರ್ಮೇನಿಯಂ ಡಿಟೆಕ್ಟರ್ ಇದ್ದರೆ ಈ ತೊಡಕಿಲ್ಲ.

ಲೆಕ್ಕದಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಎಣಿಸುತ್ತಿರುವಾಗಲೂ ಮಾದರಿ ಕ್ಷಯಿಸುತ್ತಿರುತ್ತದೆ: ಒಂದು ಪೂರ್ಣ ಅರ್ಧಾಯುವಿನಷ್ಟು ಹೊತ್ತು ಎಣಿಸಿದರೆ ಸಿಗುವ ಸರಾಸರಿ ದರ ಆರಂಭದ ದರದ ಸುಮಾರು 72 ಪ್ರತಿಶತ ಮಾತ್ರ. ಎರಡನೆಯದು ತಾಯಿ-ಮಗಳ ಸಂಬಂಧ. ಬಿಸ್ಮತ್-214 ಕ್ಷಯಿಸುತ್ತಿರುವಾಗಲೇ ಸೀಸ-214ರಿಂದ ಹೊಸದಾಗಿ ಹುಟ್ಟುತ್ತಿರುತ್ತದೆ, ಹಾಗಾಗಿ ಲಾಗರಿದಮ್ ಕಾಗದದ ಮೇಲೆ 609ರ ಗೆರೆ ಆರಂಭದಿಂದಲೇ ನೇರವಾಗಿರಬೇಕೆಂದು ನಿರೀಕ್ಷಿಸಬೇಡಿ. 14 ನಿಮಿಷದ ಝೆನಾನ್-138ರಿಂದ ಹುಟ್ಟುವ ಸೀಸಿಯಂ-138ರ ವರ್ತನೆಯೂ ಹೀಗೆಯೇ. ಅದರ 1436ರ ಶಿಖರ ಮೊದಲು ಏರಿ ಆಮೇಲೆ ಇಳಿಯಬಹುದು.

ಮಳೆಯ ಕಾಗದ ದುರ್ಬಲವಾದ್ದರಿಂದ ಡೆಡ್ ಟೈಮ್ (ಒಂದು ಎಣಿಕೆಯ ನಂತರ ಉಪಕರಣ ಮುಂದಿನದನ್ನು ದಾಖಲಿಸಲಾಗದ ಕಾಲ) ಇಲ್ಲಿ ಕಾಡುವುದಿಲ್ಲ. ಪ್ರಬಲವಾದ ವಿದಳನ ಮಾದರಿಯಲ್ಲಿ ಮಾತ್ರ ಅದು ಎಣಿಕೆಯ ನಡುವೆಯೇ ಬದಲಾಗುತ್ತದೆ. ಅಂಥಲ್ಲಿ ಮಾದರಿಯನ್ನು ದೂರ ಸರಿಸಿ, ಆ ದೂರಕ್ಕೆ ಡಿಟೆಕ್ಟರ್‌ನ ದಕ್ಷತೆಯನ್ನು ಮತ್ತೆ ಅಳೆಯಬೇಕು.