ವಿಶ್ವವಿದ್ಯಾಲಯದ ಗಣಕ ವಿಭಾಗದ ಹಳೆಯ ದಾಖಲೆಗಳನ್ನು ಕಾಪಿಡುವ ಬಗೆ: ಕೊಡಗಿನ ಹವೆಗೆ ತಕ್ಕ ಕೆಲವು ಕ್ರಮಗಳು

ಸಿಂಡಿಕೇಟ್ ನಡಾವಳಿಗಳಿಗೂ ಪರೀಕ್ಷಾ ಫಲಿತಾಂಶದ ಲೆಡ್ಜರುಗಳಿಗೂ ವಿಶ್ವವಿದ್ಯಾಲಯದ ರೆಕಾರ್ಡ್ ರೂಮಿನಲ್ಲಿ ಖಾಯಂ ಜಾಗವಿರುತ್ತದೆ. ಗಣಕ ವಿಭಾಗದ ಕಾಗದಪತ್ರಗಳ ಗತಿ ಬೇರೆ. ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ದಿನವೇ ಅವುಗಳ ಜೊತೆಗಿದ್ದ ಫ್ಲಾಪಿ, ಕೈಪಿಡಿ, ಲಾಗ್ ಬುಕ್ಕುಗಳೂ ಲಾರಿ ಹತ್ತುತ್ತವೆ. ಯಾವ ವರ್ಷ ಯಾವ ಕೆಲಸವನ್ನು ಕೈಯಿಂದ ಯಂತ್ರಕ್ಕೆ ಒಪ್ಪಿಸಲಾಯಿತು, ಏಕೆ ಒಪ್ಪಿಸಲಾಯಿತು ಎಂಬುದು ಈ ಕಾಗದಗಳಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಎ) ಪ್ರಕರಣದಂತೆ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಎಲ್ಲ ದಾಖಲೆಗಳನ್ನು ಪಟ್ಟಿ ಮತ್ತು ಸೂಚಿ ಸಹಿತ ಇಟ್ಟುಕೊಳ್ಳಬೇಕು. ಗಣಕ ವಿಭಾಗಕ್ಕೆ ಇದರಿಂದ ವಿನಾಯಿತಿಯಿಲ್ಲ.

ಕೆಲಸ ಆರಂಭಿಸುವ ಮೊದಲು ದಾಖಲೆಯನ್ನು ಸೃಷ್ಟಿಸಿದವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಕೊಡಗಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕೊಡಗಿನ ಪದವಿ ಕಾಲೇಜುಗಳು ಬಹುಕಾಲ ಸೇರಿದ್ದವು. ಕುಶಾಲನಗರದ ಬಳಿಯ ಚಿಕ್ಕ ಅಳುವಾರದಲ್ಲಿ ಅದರ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನ ಕಾವೇರಿ ಆವರಣವೇ ಮುಂದೆ ಕೊಡಗು ವಿಶ್ವವಿದ್ಯಾಲಯದ ನೆಲೆಯಾಯಿತು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವಂತೂ ಬೇರೆಯೇ ಆಡಳಿತಕ್ಕೆ ಸೇರಿದ್ದು. ಹೀಗಿರುವಾಗ ಒಂದೇ ಕೋಣೆಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಮಾತೃ ವಿಶ್ವವಿದ್ಯಾಲಯದ ಸುತ್ತೋಲೆಗಳನ್ನೂ ಹೊಸ ವಿಶ್ವವಿದ್ಯಾಲಯದ ಕಡತಗಳನ್ನೂ ವಿಷಯವಾರು ಬೆರೆಸಿಬಿಟ್ಟರೆ, ಯಾರು ಯಾರಿಗೆ ಯಾವ ಅಧಿಕಾರದಿಂದ ಬರೆದರೆಂಬ ಸಂಬಂಧವೇ ಕಡಿದುಹೋಗುತ್ತದೆ. ಆದ್ದರಿಂದ ಕಚೇರಿವಾರು ಕಂತೆಗಳನ್ನು ಹಾಗೆಯೇ ಬಿಟ್ಟು, ಒಳಗಿನ ಕ್ರಮವನ್ನೂ ಬದಲಿಸದೆ, ಬೀರುವಿನ ಪ್ರತಿ ಖಾನೆಯನ್ನೂ ಮುಟ್ಟುವ ಮುನ್ನ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಕಾಲವನ್ನೂ ನೋಡಿಕೊಳ್ಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ತಿಂಗಳುಗಳಲ್ಲಿ ಕಟ್ಟು ಬಿಚ್ಚಿದರೆ ಕಾಗದ ತೇವ ಹೀರುತ್ತದೆ. ಅಂಗಳದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರವರಿಯೇ ಈ ಕೆಲಸಕ್ಕೂ ಒಳ್ಳೆಯ ಕಾಲ. ಬೂಸಲು ಹಿಡಿದ ಕಡತಗಳನ್ನು ಬಿಸಿಲಿಗೆ ಹಾಕಬಾರದು, ಶಾಯಿ ಮಾಸುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ, ಮಾಸ್ಕ್ ಧರಿಸಿ, ಹೊರಾಂಗಣದಲ್ಲಿ ಮೃದುವಾದ ಕುಂಚದಿಂದ ಒರೆಸಬೇಕು. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 35ರಿಂದ 50ರೊಳಗಿದ್ದರೆ ಉತ್ತಮ. ಬೀರುವಿನೊಳಗೆ ಬಲ್ಬು ಉರಿಸಿಡುವ ಮನೆಯ ಉಪಾಯ ಬಟ್ಟೆಗೆ ಸರಿಯಿರಬಹುದು, ಟೇಪು ಮತ್ತು ಫ್ಲಾಪಿಗಳಿಗೆ ಆ ಶಾಖ ಒಳ್ಳೆಯದಲ್ಲ; ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಯಂತ್ರ ಅಥವಾ ಆಗಾಗ ಬದಲಿಸುವ ಸಿಲಿಕಾ ಜೆಲ್ ಬಳಸುವುದು ಲೇಸು.

ಯಾವುದನ್ನು ಇಡಬೇಕು? ಖರೀದಿ ಪ್ರಸ್ತಾವ, ಟೆಂಡರಿನ ತುಲನಾತ್ಮಕ ಪಟ್ಟಿ, ಸಮಿತಿಯ ಟಿಪ್ಪಣಿ, ಜಾಲದ ನಕ್ಷೆ, ತಂತ್ರಾಂಶದ ಮೂಲ ಸಂಕೇತ, ಸಿಬ್ಬಂದಿ ಬರೆದ ಬಳಕೆಯ ಸೂಚನೆಗಳು, ಸ್ಟಾಕ್ ರಿಜಿಸ್ಟರ್ ಇವು ಉಳಿಯಬೇಕು. ಅಂಗಡಿಯಲ್ಲಿ ಸಿಗುತ್ತಿದ್ದ ಮುದ್ರಿತ ಕೈಪಿಡಿಗಳು, ಒಂದೇ ಸುತ್ತೋಲೆಯ ಹತ್ತಾರು ಪ್ರತಿಗಳು ಹೋಗಲಿ, ಆದರೆ ಸಕ್ಷಮ ಪ್ರಾಧಿಕಾರದ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಹಾಳೆಯೂ ಹೊರಹೋಗಬಾರದು. ದೂರುಗಳ ರಿಜಿಸ್ಟರನ್ನು ಎಸೆಯಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಹೋಗಿತ್ತು, ಯುಪಿಎಸ್ ಯಾವಾಗ ಕೈಕೊಟ್ಟಿತು, ಫಲಿತಾಂಶ ತಡವಾದದ್ದು ಏಕೆ ಎಂಬುದೆಲ್ಲ ವಾರ್ಷಿಕ ವರದಿಯಲ್ಲಿ ಇರುವುದಿಲ್ಲ. ಈ ಪುಸ್ತಕದಲ್ಲಿ ದಿನಾಂಕ ಸಹಿತ ಇರುತ್ತದೆ. ಇನ್ನು ಫ್ಯಾಕ್ಸಿನ ಥರ್ಮಲ್ ಕಾಗದದ ಅಕ್ಷರಗಳು ತಾವಾಗಿಯೇ ಅಳಿಯುವುದರಿಂದ ಅವನ್ನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಬೇಕು.

ಫ್ಲಾಪಿಗಳ ವಿಷಯದಲ್ಲಿ ಆತುರ ಸಲ್ಲದು. ಮೂರೂವರೆ ಇಂಚಿನ ಫ್ಲಾಪಿಯ ಲೋಹದ ಮುಚ್ಚಳವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬೆಳಕಿಗೆ ಓರೆಯಾಗಿ ಹಿಡಿದು, ನಡುವಿನ ಗುಂಡಿಯನ್ನು ಬೆರಳಿನಿಂದ ತಿರುಗಿಸುತ್ತಾ ಕಂದು ತಟ್ಟೆಯನ್ನು ಸುತ್ತಲೂ ನೋಡಬೇಕು. ಬಿಳಿಯ ಚುಕ್ಕೆಗಳೋ ಮಸುಕಾದ ಬಳ್ಳಿಯಂಥ ಗೆರೆಗಳೋ ಕಂಡರೆ ಅದು ಬೂಸಲು. ಹಾಗೆಯೇ ಡ್ರೈವಿಗೆ ಹಾಕಿದರೆ ತಟ್ಟೆ ಕೆರೆದುಹೋಗುವುದಲ್ಲದೆ ಡ್ರೈವಿನ ಹೆಡ್ಡಿಗೆ ಅಂಟಿದ ಕೊಳೆ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಕೆಡಿಸುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶುಚಿಗೊಳಿಸಿದ ಮೇಲೆಯೇ ಓದಿಸಬೇಕು. ಬರಹ ತಡೆಯುವ ಪುಟ್ಟ ಗುಂಡಿಯನ್ನು ರಂಧ್ರ ತೆರೆದಿರುವಂತೆ ಸರಿಸಿರಬೇಕು; ಐದೂಕಾಲು ಇಂಚಿನದರಲ್ಲಿ ಇದು ತಿರುಗುಮುರುಗು, ಅಂಚಿನ ಕಚ್ಚನ್ನು ಟೇಪಿನಿಂದ ಮುಚ್ಚಬೇಕು. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಡ್ರೈವುಗಳು ಮೂರೂವರೆ ಇಂಚಿನವಕ್ಕೆ ಮಾತ್ರ. ಐದೂಕಾಲು ಇಂಚಿನವಕ್ಕೆ ಹಳೆಯ ಡ್ರೈವನ್ನೇ ಗ್ರೀಸ್‌ವೀಸಲ್‌ನಂಥ ಸರ್ಕ್ಯೂಟ್ ಫಲಕದ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕಾಗುತ್ತದೆ. ಕಡತಗಳನ್ನು ಒಂದೊಂದಾಗಿ ನಕಲಿಸದೆ ಇಡೀ ತಟ್ಟೆಯ ಬಿಂಬವನ್ನು, ಅಂದರೆ ಇಮೇಜನ್ನು, ಡಿಡಿರೆಸ್ಕ್ಯೂ ಮುಂತಾದ ತಂತ್ರಾಂಶದಿಂದ ತೆಗೆದರೆ ಮೂಲ ದಿನಾಂಕಗಳೂ ಉಳಿಯುತ್ತವೆ. ಲೇಬಲಿನ ಮೇಲಿನ ಕೈಬರಹದ ಫೋಟೋ ಅದೇ ಹೆಸರಿನಲ್ಲಿ ಪಕ್ಕದಲ್ಲಿರಲಿ.

ಓದಿಸಿದ ಕಡತಗಳು ತೆರೆದ ಕೂಡಲೇ ಅರ್ಥವಾಗುತ್ತವೆಂಬ ಖಾತ್ರಿಯಿಲ್ಲ. ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರಸಂಕೇತ ಯೂನಿಕೋಡಿಗೆ ಹಿಂದಿನ ‘ನುಡಿ’, ‘ಬರಹ’, ‘ಶ್ರೀಲಿಪಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪು ಮಾಡಿದ ಸುತ್ತೋಲೆಗಳನ್ನು ಅವುಗಳ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಕಾಣುತ್ತದೆ, ಕಡತ ಕೆಟ್ಟಿದೆಯೆಂದು ಅಳಿಸುವವರೂ ಉಂಟು. ಮೂಲವನ್ನು ಹಾಗೆಯೇ ಇಟ್ಟು, ಆ ಫಾಂಟನ್ನೂ ಜೊತೆಗಿರಿಸಿ, ಯೂನಿಕೋಡಿಗೆ ಪರಿವರ್ತಿಸಿದ ಇನ್ನೊಂದು ಪ್ರತಿಯನ್ನು ಮಾಡಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ತಪ್ಪುವುದುಂಟು, ಒಬ್ಬರು ಕುಳಿತು ತಾಳೆ ನೋಡಲೇಬೇಕು. ಡಿಬೇಸ್, ಫಾಕ್ಸ್‌ಪ್ರೊ ಎಂಬ ಹಳೆಯ ದತ್ತಸಂಚಯ ತಂತ್ರಾಂಶಗಳ ಕೋಷ್ಟಕಗಳನ್ನು ಸಿಎಸ್‌ವಿಗೂ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಪತ್ರಗಳನ್ನು ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್/ಎ ರೂಪಕ್ಕೂ ತಿರುಗಿಸಿಕೊಳ್ಳಬಹುದು. ಕೋಷ್ಟಕದಲ್ಲಿನ ‘1’, ‘2’ ಎಂಬ ಸಂಕೇತಗಳ ಅರ್ಥ ಬಲ್ಲ ನಿವೃತ್ತ ಸಿಬ್ಬಂದಿ ಊರಲ್ಲಿದ್ದರೆ ಅವರಿಂದ ಕೇಳಿ ಬರೆದಿಡುವುದು ಯಾವ ತಂತ್ರಾಂಶಕ್ಕಿಂತಲೂ ಮುಖ್ಯ.

ಇತ್ತೀಚಿನ ದಾಖಲೆಗಳ ತೊಡಕು ಬೇರೆ. ಪ್ರವೇಶ, ಪರೀಕ್ಷೆಗಳು ಈಗ ರಾಜ್ಯಮಟ್ಟದ ಯುಯುಸಿಎಂಎಸ್ (ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ನಿರ್ವಹಣಾ ಜಾಲತಾಣ) ಮೂಲಕ ನಡೆಯುವುದರಿಂದ ದತ್ತಾಂಶವು ಆವರಣದ ಸರ್ವರಿನಲ್ಲಿಲ್ಲ. ವಿಭಾಗದ ಬಳಿ ಉಳಿಯುವುದು ಆದೇಶ, ಇ-ಮೇಲ್, ಬಳಕೆದಾರರಿಗೆ ನೀಡಿದ ಅಧಿಕಾರಗಳ ಪಟ್ಟಿ ಮಾತ್ರ. ಇವನ್ನು ಅಧಿಕಾರಿಯ ಸ್ವಂತ ಮೇಲ್‌ಬಾಕ್ಸಿನಲ್ಲಿ ಬಿಡದೆ ಪ್ರತಿ ಶೈಕ್ಷಣಿಕ ವರ್ಷದ ಕೊನೆಗೆ ಕಡತಗಳಾಗಿ ಹೊರತೆಗೆದು (ಎಕ್ಸ್‌ಪೋರ್ಟ್ ಮಾಡಿ) ಪಡೆದುಕೊಳ್ಳಬೇಕು.

ಪಟ್ಟಿಯಲ್ಲಿ ಪ್ರತಿ ಕಂತೆಗೂ ಸೃಷ್ಟಿಸಿದ ಕಚೇರಿ, ವರ್ಷಗಳು, ಪ್ರಮಾಣ, ಇರುವ ಜಾಗ, ನೋಡಲು ಇರುವ ನಿರ್ಬಂಧ ಇಷ್ಟಿದ್ದರೆ ಸಾಕು. ಪಾಸ್‌ವರ್ಡುಗಳು, ಬಳಕೆಯಲ್ಲಿರುವ ಜಾಲದ ವಿಳಾಸಗಳು, ವಿದ್ಯಾರ್ಥಿಗಳ ಖಾಸಗಿ ವಿವರಗಳು ಇರುವ ಕಂತೆಗಳಿಗೆ ನಿರ್ಬಂಧದ ಮುದ್ರೆ ಬೀಳಲಿ.

ಡಿಜಿಟಲ್ ಪ್ರತಿಗಳು ಮೂರಿರಲಿ, ಒಂದಾದರೂ ಬೆಟ್ಟದ ಸೀಮೆಯಾಚೆ, ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರಲಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಮೊತ್ತ (ಕಡತದಲ್ಲಿ ಒಂದು ಅಕ್ಷರ ಬದಲಾದರೂ ತಾನೂ ಬದಲಾಗುವ ಗುರುತುಸಂಖ್ಯೆ) ತೆಗೆದು ಪಟ್ಟಿಯನ್ನು ಮುದ್ರಿಸಿ ರಿಜಿಸ್ಟರಿಗೆ ಅಂಟಿಸಿ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಮೂರೂ ಪ್ರತಿಗಳ ಮೊತ್ತವನ್ನು ಮತ್ತೆ ಲೆಕ್ಕಹಾಕಿ ತಾಳೆ ನೋಡಬೇಕು. ಒಂದು ಹೊಂದದಿದ್ದರೆ ಉಳಿದೆರಡರಿಂದ ಅದನ್ನು ಸರಿಪಡಿಸಿ, ದಿನಾಂಕ ಹಾಕಿ ಸಹಿ ಮಾಡಬೇಕು.